ಏಳು

"ಏಳು," ಎಂದ ಜಮೀರ್.

ನಾಜಿಮಾಳ ಕೈಯಲ್ಲಿದ್ದ ಪೆನ್ನು ಕಾಗದದ ಮೇಲೆ ಇಳಿಯದೆ ನಿಂತಿತು. ಗಂಡ ಮಂಚದ ತಲೆಯ ಕಡೆಗೆ ಎರಡು ದಿಂಬು ಒತ್ತಿಕೊಂಡು ಕೂತಿದ್ದ. ಮಧ್ಯಾಹ್ನ ಅವಳೇ ಸೊಂಟದವರೆಗೆ ಹೊದಿಸಿದ್ದ ದುಪ್ಪಟಿ ಒಂದು ಮಡಿಕೆಯೂ ಕದಲದೆ ಹಾಗೇ ಇತ್ತು. ವೆಲ್ಡಿಂಗ್ ಕೆಲಸಕ್ಕೆಂದು ಎಣ್ಣೆ ಮಿಲ್ಲಿನ ಛಾವಣಿಗೆ ಹತ್ತಿದ್ದಾಗ ಶೀಟು ಮುರಿದು ಕೆಳಗೆ ಬಿದ್ದಿದ್ದ ಅವನು. ಆವತ್ತಿನಿಂದ ಆ ಕಾಲುಗಳು ಅವನ ಮಾತು ಕೇಳುತ್ತಿರಲಿಲ್ಲ. ಅದಾಗಿ ಎಂಟು ವರ್ಷವಾಗುತ್ತ ಬಂದಿತ್ತು.

"ಇನ್ನೊಂದ್ಸಲ ಓದ್ತೀನಿ, ಸರಿಯಾಗಿ ಕೇಳಿಸ್ಕಳ್ರಿ," ಎಂದು ಅವಳು ನಿಧಾನವಾಗಿ ಓದಿದಳು. "'ಬೆಳಿಗ್ಗೆ ಎದ್ದಾಗ ನನ್ನ ಮನಸ್ಸು ಹಗುರವಾಗಿರುತ್ತದೆ.' ಒಂದು ಅಂದ್ರೆ ಪೂರಾ ಸುಳ್ಳು, ಏಳು ಅಂದ್ರೆ ಪೂರಾ ನಿಜ. ನಡುವೆ ಎಲ್ಲಿ ಬೇಕಾದ್ರೂ ಹೇಳ್ಬೋದು."

"ಕೇಳಿಸ್ತು ಕಣೇ. ಏಳು."

ಅಡುಗೆಮನೆಯಿಂದ ಅತ್ತೆ ಪ್ಯಾರಿ ಬೀಯ ದನಿ ಬಂತು. "ಯಾರಿಗೋ ಏಳು ಏಳು ಅಂತಿದೀಯ?"

"ಯಾರೂ ಏಳ್ಬೇಕಾಗಿಲ್ಲ ಅಮ್ಮಿ. ಇದು ಲೆಕ್ಕದ ಏಳು," ಎಂದು ಜಮೀರ್ ನಕ್ಕ.

ನಾಜಿಮಾಗೆ ಈ ಕೆಲಸ ಸಿಕ್ಕಿ ಇನ್ನೂ ಒಂದು ವಾರ. ಜಿಲ್ಲೆಯ ಜನ ಎಷ್ಟು ಸುಖವಾಗಿದ್ದಾರೆ ಎಂದು ಅಳೆಯಲು ಬೆಂಗಳೂರಿನ ಯಾವುದೋ ಅಧ್ಯಯನ ಸಂಸ್ಥೆಯವರು ಬಂದಿದ್ದರು. ಮನೆ ಮನೆಗೆ ಹೋಗಿ ಐದು ವಾಕ್ಯ ಓದಬೇಕು, ಅವರು ಹೇಳಿದ ಸಂಖ್ಯೆಗೆ ಸುತ್ತು ಹಾಕಬೇಕು, ಅಷ್ಟೇ. ದುರ್ಗದ ಚೇಳುಗುಡ್ಡದ ಓಣಿಯಲ್ಲಿ ಮನೆಯಲ್ಲೇ ಕೂತು ರವಿಕೆ ಹೊಲಿಯುತ್ತಿದ್ದವಳಿಗೆ ಇದು ಮದುವೆಯಾದ ಮೇಲಿನ ಮೊದಲ ಹೊರಗಿನ ಕೆಲಸ. ತರಬೇತಿ ಕೊಟ್ಟ ಲತಾ ಮೇಡಂ ಬೋರ್ಡಿನ ಮುಂದೆ ನಿಂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದರು: ಬರೆದದ್ದನ್ನು ಬರೆದ ಹಾಗೇ ಓದಿ, ವಿವರಿಸಬೇಡಿ, ಅವರು ಯಾವ ಸಂಖ್ಯೆ ಹೇಳಿದರೂ ಮುಖದಲ್ಲಿ ಏನೂ ತೋರಿಸಬೇಡಿ. ಊರಿಗೆ ಇಳಿಯುವ ಮೊದಲು ಮನೆಯವರ ಮೇಲೆ ಅಭ್ಯಾಸ ಮಾಡಿಕೊಂಡು ಬನ್ನಿ ಎಂದೂ ಹೇಳಿದ್ದರು.

ಅತ್ತೆಯನ್ನಷ್ಟೇ ಕೇಳಿ ಮುಗಿಸಬೇಕೆಂದಿದ್ದಳು ನಾಜಿಮಾ. ಮಂಚ ಹಿಡಿದವನಿಗೆ ಹೋಗಿ ಹೋಗಿ ಇಂಥ ಪ್ರಶ್ನೆಯೇ? ಆದರೆ ಜಮೀರನೇ ಕರೆದಿದ್ದ: "ನನ್ನೂ ಕೇಳು, ನಾನೇನು ಈ ಜಿಲ್ಲೆಯೋನಲ್ವಾ?" ಅವನು ಒಂದು, ಒಂದು, ಒಂದು ಎನ್ನುತ್ತಾನೆಂದು ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಅವಳು ಸ್ಟೂಲು ಎಳೆದುಕೊಂಡಿದ್ದಳು.

ಏಳಕ್ಕೆ ಸುತ್ತು ಹಾಕಿ ಮುಂದಿನದನ್ನು ಓದಿದಳು. "'ನಿನ್ನೆಯ ದಿನ ನನಗೆ ಚೆನ್ನಾಗಿ ಕಳೆಯಿತು.'"

"ಏಳು. ನಿನ್ನೆ ಮಧ್ಯಾಹ್ನ ಮಳೆ ಬಂದು ಕೋಟೆ ಗೋಡೆ ಕರ್ರಗಾಗಿತ್ತು, ನೋಡ್ತಾ ಕುಂತಿದ್ದೆ."

"'ನನಗೆ ಬೇಕಾದವರು ನನ್ನ ಹತ್ತಿರ ಇದ್ದಾರೆ.'"

"ಆರು ಬರ್ಕ. ಫರ್ಹಾನಾ ಹಿರಿಯೂರಲ್ಲಿ ಇದಾಳಲ್ಲ, ಅದಕ್ಕೆ ಒಂದು ಕಡಿಮೆ." ಹೋದ ವರ್ಷ ಮದುವೆಯಾಗಿ ಹೋದ ಮಗಳನ್ನು ನೆನೆದು ಅವನ ಮುಖ ಒಂದು ಗಳಿಗೆ ಮೆತ್ತಗಾಯಿತು.

"'ಒಟ್ಟಿನಲ್ಲಿ ನನ್ನ ಬದುಕು ನನಗೆ ತೃಪ್ತಿ ಕೊಟ್ಟಿದೆ.'"

"ಏಳು."

ತಮಾಷೆ ಮಾಡುತ್ತಿದ್ದಾನೆಯೇ ಎಂದು ಅವಳು ಕದ್ದು ನೋಡಿದಳು. ಇಲ್ಲ. ಹಿಂದೆ ತನ್ನ ಅಂಗಡಿಯಲ್ಲಿ ಗಿರಾಕಿಗೆ ಗೇಟಿನ ಅಳತೆ ಹೇಳುವಾಗ ಇರುತ್ತಿದ್ದಂಥ ಮುಖ. ಕೊನೆಯ ವಾಕ್ಯವನ್ನು ಬೇಗ ಬೇಗ ಓದಿಬಿಟ್ಟಳು: "'ಈ ಬದುಕನ್ನು ಮೊದಲಿನಿಂದ ಮತ್ತೆ ಬದುಕುವ ಅವಕಾಶ ಸಿಕ್ಕರೂ ನಾನು ಏನನ್ನೂ ಬದಲಿಸುವುದಿಲ್ಲ.'"

ಜಮೀರ್ ಕಿಟಕಿಯ ಕಡೆ ನೋಡಿದ. "ಏಳು."

"ಏನನ್ನೂ ಅಂದ್ರೆ ಏನನ್ನೂ ರೀ."

"ಗೊತ್ತಾಯ್ತು."

ಲತಾ ಮೇಡಂ ಹೇಳಿದ್ದೆಲ್ಲ ಅವಳ ತಲೆಯಿಂದ ಹಾರಿಹೋಯಿತು. "ಬಿದ್ದಿದ್ದು?"

"ಅದನ್ನಂತೂ ಬದಲಾಯ್ಸಲ್ಲ."

ಕೆನ್ನೆಗೆ ಹೊಡೆದ ಹಾಗಾಯಿತು ಅವಳಿಗೆ. ಕಾಗದ ಹಿಡಿದುಕೊಂಡೇ ಎದ್ದು ನಿಂತಳು. ಜಮೀರ್ ಅವಳನ್ನು ನೋಡಲಿಲ್ಲ. ದುಪ್ಪಟಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಹೇಳಿದ:

"ನಂಗೆ ಮೇಲೆ ಹತ್ತೋಕೆ ಭಯ ನಾಜಿ. ಇವತ್ತಿಂದಲ್ಲ. ಸಣ್ಣೋನಿದ್ದಾಗ ಅಬ್ಬಾ ಕರ್ಕಂಡು ಹೋಗಿ ಏಣಿ ಹತ್ತಿಸಿದ್ರಲ್ಲ, ಆವತ್ತಿಂದ. ನಾಲ್ಕು ಮೆಟ್ಲು ಹತ್ತಿದ್ರೆ ಮೊಣಕಾಲು ನೀರಾಗೋದು. ಮೇಲೆ ಹೋಗಿ ಶೀಟಿನ ಮೇಲೆ ಕುಂತ್ರೆ ಇಡೀ ಊರು ಓಲಾಡ್ದಂಗೆ. ಉಸ್ಮಾನ್ ಸಾಬ್ ಮಗ ಹೆದರ್ತಾನೆ ಅಂತ ಯಾರಿಗೆ ಹೇಳ್ಲಿ? ದಿನಾ ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ, ಇವತ್ತು ಹತ್ತಬೇಕಲ್ಲಪ್ಪಾ ಅಂತ ಹೊಟ್ಟೆ ಹಿಂಡೋದು. ಆವತ್ತು ಮಿಲ್ಲಲ್ಲಿ ಶೀಟು ಲಟಕ್ ಅಂದಿತಲ್ಲ, ನಂಗೇನನ್ನಿಸ್ತು ಗೊತ್ತಾ? ಸಾಯ್ತೀನಿ ಅನ್ನಿಸ್ಲಿಲ್ಲ. ಮುಗೀತು, ನಾಳೆ ಹತ್ತೋದಿಲ್ಲ ಅನ್ನಿಸ್ತು."

ಅಡುಗೆಮನೆಯ ಬಾಗಿಲಲ್ಲಿ ಪ್ಯಾರಿ ಬೀ ನಿಂತಿದ್ದಳು. ಹಿಟ್ಟು ಮೆತ್ತಿದ ಕೈಗಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡಿದ್ದಳು. ಅವಳ ಗಂಡ ಉಸ್ಮಾನ್ ಸಾಬ್ ದುರ್ಗದ ಮಿಲ್ಲುಗಳಿಗೆಲ್ಲ ಛಾವಣಿ ಹಾಕಿದವನು. ಕಬ್ಬಿಣದ ತೊಲೆಯ ಮೇಲೆ ಬೀಡಿ ಸೇದುತ್ತ ನಡೆಯುತ್ತಿದ್ದನೆಂದು ಅವನು ತೀರಿಹೋದ ಮೇಲೂ ಸಂತೆಪೇಟೆಯಲ್ಲಿ ಜನ ಹೇಳುತ್ತಿದ್ದರು.

"ಸುಳ್ಳು," ಎಂದಳು ಮುದುಕಿ. "ಕಾಲು ಹೋದ್ ಮೇಲೆ ಸಮಾಧಾನಕ್ಕೆ ಹಿಂಗೆ ಹೇಳ್ತಾನೆ. ಗುರುವಾರ ಗುರುವಾರ ದರ್ಗಾಕ್ಕೆ ಹೋಗಿ ನನ್ ಮಗ ಎದ್ದು ಮತ್ತೆ ಏಣಿ ಹತ್ತಲಿ ಅಂತ ಸೆರಗೊಡ್ಡಿ ಬೇಡ್ಕಂತಿದೀನಿ ನಾನು."

"ಅಮ್ಮಿ," ಎಂದ ಜಮೀರ್, "ಬೇರೆ ಏನಾದ್ರೂ ಬೇಡ್ಕ."

ಮುದುಕಿ ಒಳಗೆ ಹೋದಳು. ಆಮೇಲೆ ಎಷ್ಟೋ ಹೊತ್ತು ಲಟ್ಟಣಿಗೆಯ ಸದ್ದು ಕೇಳಲಿಲ್ಲ.

ನಾಜಿಮಾ ಹಿತ್ತಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ ಅವನು, ಮದುವೆಯಾದ ಹೊಸತರಿಂದಲೂ, ಕೆಲಸಕ್ಕೆ ಹೊರಡುವ ಮುಂಚೆ. ಅವಳು ಓಂಕಾಳು ಕುದಿಸಿ ಕೊಡುತ್ತಿದ್ದಳು. ಅವನು ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು ಹೋಗುತ್ತಿದ್ದ. ಪಿತ್ತದ ಮೈ ಎಂದುಕೊಂಡಿದ್ದಳು. ಅವನು ಬಿದ್ದ ಮೇಲೆ ವೆಲ್ಡಿಂಗ್ ಮಷೀನನ್ನು ಅವನ ಕಣ್ಣಿಗೆ ಬೀಳದ ಹಾಗೆ ರಾತ್ರೋರಾತ್ರಿ ಮೈದುನ ಸೊಹೈಲನ ಅಂಗಡಿಗೆ ಸಾಗಿಸಿದವಳು ಅವಳು. ಓಣಿಯಲ್ಲಿ ಯಾರದಾದರೂ ಮನೆ ಕಟ್ಟಿ ಕಬ್ಬಿಣ ಬಡಿಯುವ ಸದ್ದು ಶುರುವಾದರೆ ಓಡಿ ಬಂದು ಕಿಟಕಿ ಮುಚ್ಚುತ್ತಿದ್ದಳು. ಅವನ ಮುಂದೆ ಛಾವಣಿ ಎಂಬ ಮಾತು ಆಡಬಾರದೆಂದು ಬಂದ ನೆಂಟರಿಗೆಲ್ಲ ಬಾಗಿಲಲ್ಲೇ ಕಿವಿಯಲ್ಲಿ ಹೇಳಿ ಒಳಗೆ ಬಿಡುತ್ತಿದ್ದಳು. ಕೆಲಸ ಕಳೆದುಕೊಂಡ ಗಂಡಸಿನ ಸಂಕಟ ಅದು, ತಾನು ಮುಟ್ಟಬಾರದು ಎಂದು ಅದರ ಸುತ್ತ ತುದಿಗಾಲಲ್ಲಿ ನಡೆದಿದ್ದಳು. ಅಲ್ಲಿ ಸಂಕಟವೇ ಇರಲಿಲ್ಲವಂತೆ!

ಮರುದಿನ ಬೆಳಿಗ್ಗೆ ಎಂದಿನ ಹಾಗೆ ಅವನನ್ನು ಮಂಚದಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸಲು ಬಗ್ಗಿದಳು. ಸೊಂಟಕ್ಕೆ ಡಾಕ್ಟರು ಕೊಟ್ಟ ಬೆಲ್ಟು ಬಿಗಿದುಕೊಂಡು, ಅವನ ಕಂಕುಳಡಿ ಕೈ ತೂರಿಸಿ, ಉಸಿರು ಬಿಗಿಹಿಡಿದಳು. ಅವನು ಅವಳ ಕುತ್ತಿಗೆಗೆ ಕೈ ಹಾಕಿದ. ಗಟ್ಟಿಮುಟ್ಟಾದ, ಕಬ್ಬಿಣ ಹೊತ್ತು ಬೆಳೆದ ತೋಳುಗಳು. ಆ ತೋಳುಗಳ ಬಿಗಿ ಕುತ್ತಿಗೆಗೆ ತಾಕಿದ್ದೇ ಅವಳಿಗೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದ ರಾಜಶೇಖರ್ ಎಂಬಾತನ ಮಾತು ನೆನಪಾಯಿತು. ಮಂಚದ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ಪೈಪು ಹಾಕಿಸಮ್ಮ, ಅದನ್ನ ಹಿಡ್ಕೊಂಡು ತಾನೇ ಎದ್ದು ಕುರ್ಚಿಗೆ ಹೋಗೋದು ಕಲೀತಾರೆ, ಕೈಯಲ್ಲಿ ಬಲ ಇದೆ ಎಂದಿದ್ದ. ಆ ಮಾತು ಎತ್ತಿದಾಗ ಜಮೀರ್ ಗೋಡೆಯ ಕಡೆ ಮುಖ ತಿರುಗಿಸಿ, "ಮನೆಯೊಳಗೆ ಕಬ್ಬಿಣ ಬ್ಯಾಡ," ಎಂದಿದ್ದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆಂದೂ ಆ ಸುದ್ದಿ ತೆಗೆದಿರಲಿಲ್ಲ.

ಎತ್ತುವ ಕೈ ಅಲ್ಲೇ ನಿಂತಿತು. "ಪೈಪು ಯಾಕೆ ಬ್ಯಾಡ ಅಂದ್ರಿ?"

ಜಮೀರನ ಮುಖ ಅವಳ ಭುಜದ ಮೇಲಿತ್ತು. ಅವನು ಅದನ್ನು ಅಲ್ಲೇ ಒತ್ತಿಕೊಂಡ.

"ಕಬ್ಬಿಣ ನೋಡಿದ್ರೆ ಕೆಲಸದ ನೆನಪಾಗಿ ಸಂಕಟ ಆಗ್ತೈತೆ ಅಂತ ಅಲ್ಲ. ಅಲ್ವಾ?"

"ಅಲ್ಲ," ಎಂದ ಅವನು, ಬಹಳ ಸಣ್ಣ ದನಿಯಲ್ಲಿ. "ನಾನೇ ಎದ್ದು ಕುರ್ಚಿಗೆ ಬಂದ್ರೆ, ನಾಳೆ ಅಂಗಡಿಗೆ ಬಾ ಅಂತಾರೆ. ನಾಡಿದ್ದು ಇನ್ನೇನೋ ಅಂತಾರೆ. ಆಮೇಲೆ ಎಲ್ಲಾದ್ರೂ ಹತ್ತಿಸ್ತಾರೆ ಅಂತ."

"ಕಾಲಿಲ್ದೋರನ್ನ ಯಾರ್ರೀ ಹತ್ತಿಸ್ತಾರೆ?"

"ಯಾರೂ ಹತ್ತಿಸಲ್ಲ. ಗೊತ್ತೈತೆ. ಆದ್ರೂ."

ಅವಳು ನಿಧಾನವಾಗಿ ಅವನನ್ನು ಮತ್ತೆ ದಿಂಬಿಗೆ ಒರಗಿಸಿದಳು. ಕುತ್ತಿಗೆಯ ಮೇಲಿದ್ದ ಅವನ ಕೈಗಳನ್ನು ಒಂದೊಂದಾಗಿ ಬಿಡಿಸಿದಳು. ಬೆನ್ನು ನೆಟ್ಟಗೆ ಮಾಡಿದಾಗ ಸೊಂಟದೊಳಗೆ ದಿನಾ ಬೆಳಿಗ್ಗೆ ಕೂಗುವ ನೋವು ಇವತ್ತೂ ಕೂಗಿತು. ಬುರ್ಖಾ ಹಾಕಿಕೊಂಡು, ಕಾಗದದ ಚೀಲ ಹೆಗಲಿಗೇರಿಸಿ, ಬಾಗಿಲು ದಾಟಿದಳು.

"ಇವನನ್ನ ಕುರ್ಚಿಗೆ ಕೂರಿಸಲ್ವಾ?" ಎಂದು ಪ್ಯಾರಿ ಬೀ ಹಿಂದಿನಿಂದ ಕೂಗಿದಳು. ನಾಜಿಮಾ ತಿರುಗಿ ನೋಡಲಿಲ್ಲ.

ಆವತ್ತು ಅವಳ ಪಾಲಿಗೆ ಬಂದಿದ್ದ ಊರು ಆದಿವಾಲ. ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಇಳಿಯುವಷ್ಟರಲ್ಲಿ ಬಿಸಿಲು ಏರಿತ್ತು. ಮನೆ ಮನೆ ತಿರುಗಿದಳು, ಓದಿದಳು, ಸುತ್ತು ಹಾಕಿದಳು. ಯಾರು ಎಷ್ಟು ಹೇಳಿದರೂ ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಲತಾ ಮೇಡಂ ನೋಡಿದ್ದರೆ ಮೆಚ್ಚುತ್ತಿದ್ದರೇನೋ. ಅವಳಿಗೆ ಏನೂ ಕೇಳಿಸುತ್ತಲೇ ಇರಲಿಲ್ಲ.

ಊರಾಚೆ ಕುರಿಹಟ್ಟಿಯ ಪಕ್ಕದ ಮನೆಯಲ್ಲಿ ಕೆಂಚಕ್ಕ ಎಂಬ ಹೆಂಗಸು ಜಗುಲಿಯ ಮೇಲೆ ಚಾಪೆ ಹಾಸಿದಳು. ಐವತ್ತು ದಾಟಿದ, ಬಿಸಿಲಿಗೆ ಕಂದಿದ ಮುಖ. ಅವಳ ಗಂಡ ಚಿತ್ತಯ್ಯ ಕಂಬಕ್ಕೆ ಒರಗಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯನ್ನು ಕಲ್ಲಿಗೆ ಮಸೆಯುತ್ತಿದ್ದ.

"ಕುಂತ್ಕಳವ್ವ. ಬಿಸ್ಲಾಗೆ ಬಂದೀಯ. ಅದೇನ್ ಕೇಳ್ತೀಯೋ ಕೇಳು," ಎಂದಳು ಕೆಂಚಕ್ಕ.

ನಾಲ್ಕು ವಾಕ್ಯ ಸಲೀಸಾಗಿ ಮುಗಿದವು. ನಿನ್ನೆ ಒಂದು ಕುರಿ ಅವಳಿ ಮರಿ ಹಾಕಿತ್ತಾದ್ದರಿಂದ ನಿನ್ನೆಯ ದಿನಕ್ಕೆ ಏಳು ಬಿತ್ತು. ಬೆಳಿಗ್ಗೆ ಏಳುವಾಗ ಮಂಡಿ ಹಿಡಿದುಕೊಳ್ಳುತ್ತದಾದ್ದರಿಂದ ಅದಕ್ಕೆ ಮೂರು. ಐದನೆಯದನ್ನು ಓದಿದಾಗ ಕೆಂಚಕ್ಕ ಯೋಚನೆಯನ್ನೇ ಮಾಡಲಿಲ್ಲ.

"ಮತ್ತೆ ಮೊದ್ಲಿಂದಾನಾ? ಎಲ್ಲಾ ಹಿಂಗೇ ಇರ್ಲಿ. ಇವನೊಬ್ಬನ್ನ ಬದಲಾಯ್ಸಿ ಬಿಡವ್ವ."

ಕತ್ತರಿ ಮಸೆಯುವ ಸದ್ದು ನಿಂತಿತು. "ಲೇ," ಎಂದ ಚಿತ್ತಯ್ಯ.

"ಏನ್ ಲೇ? ಸುಳ್ಳು ಹೇಳ್ಲಾ? ನಿಂದ್ಯಾವ ಸೀಮೆ ಕೋಪ? ಸಾರಿಗೆ ಉಪ್ಪು ಕಡಿಮೆ ಆದ್ರೆ ಮೂರು ದಿನ ಮಾತಾಡದೇ ಇರೋನು ನೀನು."

ನಾಜಿಮಾ ಆ ಮನೆಯಲ್ಲಿ ಜಗಳ ಹಚ್ಚಿಟ್ಟು ಹೋಗುತ್ತಿದ್ದೇನೆಂದು ಹೆದರಿದಳು. ಚಿತ್ತಯ್ಯ ಕತ್ತರಿ ಕೆಳಗಿಟ್ಟು ಮೀಸೆ ಒರೆಸಿಕೊಂಡ.

"ನಂದೂ ಬರ್ಕಳವ್ವ," ಎಂದ. "ನಾನೂ ಇವಳನ್ನ ಬದಲಾಯ್ಸ್ತೀನಿ. ಆದ್ರೆ ಸಾರು ಇವಳೇ ಮಾಡ್ಬೇಕು."

ಕೆಂಚಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವನೂ ನಕ್ಕ. ನಾಜಿಮಾ ಇಬ್ಬರನ್ನೂ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿದ್ದಳು. ಅಂಥ ಮಾತನ್ನು ಇವರು ಹೊರಗಿನವಳ ಎದುರು ಎದುರಾಬದುರು ಆಡಿ ಇನ್ನೂ ಅದೇ ಜಗುಲಿಯ ಮೇಲೆ ಕೂತಿದ್ದರು.

"ನಿಂದೆಷ್ಟವ್ವ?" ಎಂದು ಕೆಂಚಕ್ಕ ತಟ್ಟನೆ ಕೇಳಿದಳು. "ಎಲ್ರುನೂ ಕೇಳ್ಕಂಡು ತಿರುಗ್ತೀಯಲ್ಲ."

ಕೇಳುವವರು ತಮ್ಮ ಸಂಖ್ಯೆ ಹೇಳಬಾರದು. ಅದೂ ತರಬೇತಿಯಲ್ಲಿ ಹೇಳಿದ್ದ ಮಾತೇ. "ಒಂದು," ಎಂದಳು ನಾಜಿಮಾ. ಹೇಳಿದ ಮೇಲೆ ತನ್ನ ದನಿ ತನಗೇ ಯಾರದೋ ದನಿಯ ಹಾಗೆ ಕೇಳಿಸಿತು.

ಕೆಂಚಕ್ಕ ಎದ್ದು ಒಳಗೆ ಹೋಗಿ ದೊಡ್ಡ ಚೊಂಬಿನಲ್ಲಿ ಮಜ್ಜಿಗೆ ತಂದು ಮುಂದಿಟ್ಟಳು.

ಬಸ್ಸಿಗೆ ಕಾಯುವಾಗ ನಾಜಿಮಾ ಲತಾ ಮೇಡಂಗೆ ಫೋನು ಮಾಡಿದಳು. ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳನ್ನು ನೋಡಿಕೊಳ್ಳಲು ಒಬ್ಬರು ಬೇಕು, ಹೊಸದುರ್ಗದಲ್ಲೇ ಉಳಿದುಕೊಳ್ಳಬೇಕಾಗುತ್ತದೆ ಎಂದು ಅವರು ತರಬೇತಿಯ ದಿನವೇ ಕೇಳಿದ್ದರು. ನೋಡುತ್ತೇನೆ ಮೇಡಂ ಎಂದಿದ್ದಳು, ಆಗುವುದಿಲ್ಲ ಎನ್ನುವುದಕ್ಕೆ.

"ನಾನು ಹೋಗ್ತೀನಿ ಮೇಡಂ," ಎಂದಳು ಈಗ.

"ಮನೇಲಿ ಕೇಳಿದ್ರಾ? ನಿಮ್ ಯಜಮಾನ್ರಿಗೆ ಹುಷಾರಿಲ್ಲ ಅಂದಿದ್ರಲ್ಲ."

"ಅವ್ರು ಆರಾಮಾಗಿದಾರೆ," ಎಂದಳು ನಾಜಿಮಾ.

ಸಂಜೆ ಮನೆಗೆ ಬಂದಾಗ ಪ್ಯಾರಿ ಬೀ ಬಾಗಿಲ ಹೊರಗೇ ಕೂತಿದ್ದಳು. "ಹೋಗಿ ನೋಡು ನಿನ್ ಗಂಡನ್ನ," ಎಂದಳು. "ಸೊಹೈಲನ್ನ ಕರೀತೀನಿ ಅಂದ್ರೆ ಕರೀಬ್ಯಾಡ ಅಂತ ನನ್ ಮೇಲೇ ರೇಗ್ತಾನೆ."

ಜಮೀರ್ ನೆಲದ ಮೇಲಿದ್ದ. ಮಂಚದ ಕಾಲಿಗೆ ಬೆನ್ನು ಕೊಟ್ಟು, ತನ್ನ ಎರಡು ಕಾಲುಗಳನ್ನೂ ಕೈಯಿಂದಲೇ ನೀಟಾಗಿ ಮುಂದೆ ಚಾಚಿಟ್ಟುಕೊಂಡು ಕೂತಿದ್ದ. ಗಾಲಿಕುರ್ಚಿ ಉರುಳಿಕೊಂಡು ಹೋಗಿ ಬೀರುವಿಗೆ ತಾಗಿ ನಿಂತಿತ್ತು. ಅವನ ಒಂದು ಮೊಣಕೈ ತರಚಿ ರಕ್ತ ಒಣಗಿತ್ತು.

ನಾಜಿಮಾ ಬುರ್ಖಾ ಕೂಡ ಕಳಚದೆ ಓಡಿಹೋಗಿ ಪಕ್ಕದಲ್ಲಿ ಕುಕ್ಕರಿಸಿದಳು. "ಯಾವಾಗ ಬಿದ್ರಿ? ತಲೆಗೇನಾದ್ರೂ ತಗುಲ್ತಾ?"

"ಕುರ್ಚಿಗೆ ಅಂತ ಇಳಿದೆ. ಪೂರ್ತಿ ಇಳಿಯೋಕೆ ಬರ್ಲಿಲ್ಲ." ಅವನು ಅವಳ ಕೈ ಹಿಡಿದು ನಿಲ್ಲಿಸಿದ. "ಎತ್ತಬ್ಯಾಡ. ಕುಂತ್ಕ. ಬೆಳಿಗ್ಗೆಯಿಂದ ಒಂದೇ ಯೋಚನೆ. ನಿನ್ನ ನಾನು ಕೇಳ್ಲೇ ಇಲ್ಲ. ಆ ಐದಕ್ಕೂ ನಿಂದು ಹೇಳು."

"ಯಾಕೀಗ?"

"ಹೇಳು ನಾಜಿ."

ಅವಳು ನೆಲಕ್ಕೆ ಕೂತಳು. ವಾಕ್ಯಗಳು ಬಾಯಿಪಾಠವಾಗಿದ್ದವು, ಕಾಗದ ಬೇಕಾಗಲಿಲ್ಲ. "ಬೆಳಿಗ್ಗೆ ಮನಸ್ಸು ಹಗುರ ಇರೋದು, ಒಂದು. ನಿನ್ನೆ ದಿನ, ಒಂದು. ಬೇಕಾದೋರು ಹತ್ರ ಇದಾರೆ, ಅದಕ್ಕೆ ನಾಕು. ತೃಪ್ತಿ, ಎರಡು. ಮತ್ತೆ ಮೊದ್ಲಿಂದ ಬದುಕೋದು..." ಅವಳು ಬುರ್ಖಾದ ತುದಿಯಿಂದ ಮುಖ ಒರೆಸಿಕೊಂಡಳು. "ಒಂದು. ಎಲ್ಲಾ ಬದಲಾಯ್ಸ್ತೀನಿ. ನೀವು ಬಿದ್ದಿದ್ದು ಬದಲಾಯ್ಸ್ತೀನಿ. ಎಂಟು ವರ್ಷ ನಾನು ನಿಮ್ ಪರವಾಗಿ ಅತ್ತಿದ್ದು ಬದಲಾಯ್ಸ್ತೀನಿ. ನಿಮಗೆ ಆರಾಮಾಗಿತ್ತು ಅಂತ ಒಂದ್ ಮಾತು ಹೇಳಿದ್ರೆ ನಾನೂ ಸ್ವಲ್ಪ ನಗ್ತಿದ್ನಲ್ರೀ! ಪೈಪು ಹಾಕಿಸ್ತಿದ್ದೆ. ಫರ್ಹಾನಾನ ಎತ್ಕಂಡು ಆಡಿಸಿದ ಸೊಂಟ ಇದು, ನೋಡ್ರಿ ಏನಾಗೈತೆ."

ಜಮೀರ್ ಕಣ್ಣು ಮಿಟುಕಿಸಲಿಲ್ಲ. ಬಿದ್ದ ದಿನ ಆಸ್ಪತ್ರೆಯಲ್ಲಿ, ಇನ್ನು ಕಾಲು ಬರುವುದಿಲ್ಲವೆಂದು ಡಾಕ್ಟರು ಹೇಳಿದಾಗ ಕೂಡ ಅವನ ಮುಖ ಹೀಗೆ ಬಿಳಿಚಿಕೊಂಡಿರಲಿಲ್ಲ.

"ನೀನು ಒಂದಿನಾನೂ ಏನೂ ಅನ್ಲಿಲ್ಲ," ಎಂದ.

"ನೀವೂ ಅನ್ಲಿಲ್ಲ."

ಹೊರಗೆ ಓಣಿಯಲ್ಲಿ ಯಾರೋ ಸ್ಕೂಟರು ನಿಲ್ಲಿಸಿ ಹಾಲು ಕೊಟ್ಟು ಹೋದರು. ಅವಳು ಎದ್ದು ಅರಿಶಿನ ತಂದು ಅವನ ಮೊಣಕೈಗೆ ಹಚ್ಚಿದಳು. ಹಚ್ಚುತ್ತಲೇ, ಮುಖ ಎತ್ತದೆ ಹೇಳಿದಳು: "ಸೋಮವಾರ ಹೊಸದುರ್ಗಕ್ಕೆ ಹೋಗ್ತಿದೀನಿ. ಅಲ್ಲೇ ಇರ್ಬೇಕು. ಕೆಲಸ ಮುಗಿಯೋತಂಕ."

ಅವನ ಕೈ ಅವಳ ಬೆರಳಡಿಯಲ್ಲಿ ಬಿಗಿಯಾಯಿತು. ಬೇಡ ಎನ್ನುತ್ತಾನೆಂದು ಅವಳು ಕಾದಳು. ಅವನು, "ಸೊಹೈಲಂಗೆ ಫೋನ್ ಮಾಡು," ಎಂದ. "ಒಂದೂವರೆ ಇಂಚಿನ ಪೈಪು ತರ್ಬೇಕು ಅನ್ನು. ತೆಳ್ಳಗಿಂದು ಬ್ಯಾಡ."

ಭಾನುವಾರ ಸೊಹೈಲ್ ಮಷೀನು ಹೇರಿಕೊಂಡು ಬಂದ. ಎಂಟು ವರ್ಷ ಆ ಮನೆಯಿಂದ ದೂರವಿದ್ದ ಮಷೀನು ಹಿತ್ತಲಿನಲ್ಲಿ ಗುರುಗುಟ್ಟಿತು. ಜಮೀರ್ ಗಾಲಿಕುರ್ಚಿಯಲ್ಲಿ ಹಿತ್ತಲ ಬಾಗಿಲವರೆಗೆ ಬಂದು ಕೂತಿದ್ದ. ಕೋನ ಸರಿಯಿಲ್ಲವೆಂದು ಎರಡು ಸಲ ತಮ್ಮನಿಗೆ ಬೈದ. ಬೆಸೆದ ಟಾಕಿ ಒಡೆಸಿ ಮತ್ತೆ ಹಾಕಿಸಿದ. ಕಿಡಿ ಹಾರುವಾಗ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ಪ್ಯಾರಿ ಬೀ ಕಾಮಕಸ್ತೂರಿ ಬೀಜದ ಶರಬತ್ತು ಮಾಡಿ ಎಲ್ಲರಿಗೂ ಕೊಟ್ಟು, ಮಗನ ಹಿಂದೆ ನಿಂತಳು. ಮೂರು ದಿನದಿಂದ ಅವಳು ಅವನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

"ಅವತ್ತೇ ಹೇಳಿದ್ರೆ," ಎಂದಳು ಈಗ, ಯಾರನ್ನೂ ನೋಡದೆ, "ನಿಮ್ಮಪ್ಪನ ಕಾಲು ಹಿಡ್ಕಂಡು ನಿನ್ನ ಟೈಲರ್ ಅಂಗಡಿಗೆ ಸೇರಿಸ್ತಿದ್ದೆ ನಾನು."

"ಹೊಲಿಗೇನೂ ಬರಲ್ಲ ಅಮ್ಮಿ ನಂಗೆ," ಎಂದ ಜಮೀರ್. ಮುದುಕಿ ಅವನ ತಲೆಯ ಮೇಲೆ ಮೆತ್ತಗೆ ಒಂದೇಟು ಕೊಟ್ಟಳು. ಕೊಟ್ಟ ಕೈಯನ್ನು ಅಲ್ಲೇ ಇಟ್ಟುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಮಂಚದ ಎರಡು ಪಕ್ಕ ಕಂಬ ನಿಂತು, ಮೇಲೆ ಅಡ್ಡಪೈಪು ಕೂತಿತು. ಸೊಹೈಲ್ ಅದಕ್ಕೆ ತಾನೇ ಜೋತುಬಿದ್ದು ತೋರಿಸಿದ. ಜಮೀರ್ ಮಂಚದ ಮೇಲೆ ಕೂತು ಅದನ್ನೇ ನೋಡಿದ. ಆಮೇಲೆ ಎರಡೂ ಕೈ ಮೇಲೆತ್ತಿ ಹಿಡಿದ. ತೋಳು ಬಿಗಿದವು, ಕತ್ತಿನ ನರ ಎದ್ದವು, ಮೈ ಹಾಸಿಗೆಯಿಂದ ಒಂದು ಗೇಣು ಮೇಲೆದ್ದಿತು.

ಆಗ ನಾಜಿಮಾ ಅವನ ಮುಖ ನೋಡಿದಳು. ಕಣ್ಣುಗುಡ್ಡೆಗಳು ಹೊರಬಂದಿದ್ದವು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಣೆಯ ಮೇಲೆ ಬೆವರು ಮಣಿ ಮಣಿಯಾಗಿ ಒಡೆದಿತ್ತು. ಒಂದು ಗೇಣು ಎತ್ತರಕ್ಕೆ! ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವಳು ಈ ಮುಖವನ್ನು ಎಂದೂ ನೋಡಿರಲಿಲ್ಲ. ಓಂಕಾಳಿನ ನೀರು ಕುಡಿದು ಬಾಗಿಲು ದಾಟಿ ಹೋದ ಮೇಲೆ, ಮಿಲ್ಲಿನ ಏಣಿಯ ಮೇಲೆ, ತೊಲೆಯ ಮೇಲೆ, ದಿನವೂ ಈ ಮುಖ ಹೊತ್ತುಕೊಂಡು ಇವನು ಒಬ್ಬನೇ ಇದ್ದನೇ? ಹಿಡಿದುಕೊಳ್ಳಲು ಸೊಹೈಲ್ ಮುಂದೆ ಬಂದ. ಅವಳು ಅವನನ್ನು ಕೈ ಅಡ್ಡ ಹಿಡಿದು ತಡೆದಳು.

"ಹೆದ್ರಬ್ಯಾಡ್ರಿ," ಎಂದಳು ಗಂಡನಿಗೆ. "ಕೆಳಗೆ ಹಾಸಿಗೆ ಐತೆ. ನಾನೂ ಇಲ್ಲೇ ಇದೀನಿ. ನಿಧಾನಕ್ಕೆ ಕುರ್ಚಿ ಕಡೆ ವಾಲ್ರಿ."

ಅವನು ವಾಲಿದ. ಕುರ್ಚಿಯೊಳಗೆ ಧೊಪ್ಪೆಂದು ಬಿದ್ದ. ಜಮೀರ್ ಕಣ್ಣು ಮುಚ್ಚಿಕೊಂಡು ಏದುಸಿರು ಬಿಡುತ್ತಿದ್ದ. ಆಮೇಲೆ, "ಇನ್ನೊಂದ್ಸಲ," ಎಂದ. ಆವತ್ತು ಕತ್ತಲಾಗುವವರೆಗೆ ಅವನು ಮಂಚಕ್ಕೂ ಕುರ್ಚಿಗೂ ನಡುವೆ ಹೋಗುತ್ತ ಬರುತ್ತ ಇದ್ದ. ಪ್ರತಿಸಲವೂ ಅವನ ಮುಖ ಹಾಗೇ ಆಗುತ್ತಿತ್ತು. ಪ್ರತಿಸಲವೂ ನಾಜಿಮಾ ಮಾತಾಡುತ್ತಿದ್ದಳು. ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಹೊರಟಾಗ ಅವನು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. "ಹೋಗಿ ಬಾ," ಎಂದ. ಪ್ಯಾರಿ ಬೀ ರೊಟ್ಟಿ ಕಟ್ಟಿಕೊಟ್ಟಿದ್ದಳು.

ಹೊಳಲ್ಕೆರೆ ದಾಟಿದ ಮೇಲೆ ಬಸ್ಸು ನಿಂತಿತು. ಕಿಟಕಿಯಿಂದ ಇಣುಕಿದರೆ ರಸ್ತೆ ತುಂಬ ಕುರಿಗಳು. ಡ್ರೈವರು ಹಾರನ್ನು ಒತ್ತಿ ಒತ್ತಿ ಸೋತು, ಎಂಜಿನ್ನು ನಿಲ್ಲಿಸಿ ಕೈಕಟ್ಟಿ ಕೂತ. ಜನ ಗೊಣಗುತ್ತ ಗಡಿಯಾರ ನೋಡಿಕೊಂಡರು. ನಾಜಿಮಾ ಚೀಲವನ್ನು ಸೀಟಿನ ಮೇಲೇ ಬಿಟ್ಟು ಕೆಳಗಿಳಿದಳು. ರಸ್ತೆಯ ಪಕ್ಕ ಹೊಂಗೆಮರದ ನೆರಳಿತ್ತು. ಅದರಡಿ ಹೋಗಿ ನಿಂತಳು. ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಒಂದಾದ ಮೇಲೊಂದು ಮೆಲ್ಲಗೆ ತಿರುಗುತ್ತಿದ್ದವು. ಕುರಿಗಳು ಅವಳ ಬುರ್ಖಾದ ಅಂಚಿಗೆ ಮೈ ಒರೆಸಿಕೊಂಡು ಹೋಗುತ್ತಿದ್ದವು, ಬೆಚ್ಚಗೆ, ಉಣ್ಣೆಯ ವಾಸನೆ ಬೀರುತ್ತ. ಧೂಳೆದ್ದು ಬಸ್ಸು ಅರ್ಧ ಮರೆಯಾಯಿತು. ಕಂಡಕ್ಟರು ಎಲ್ಲರನ್ನೂ ಹತ್ತಿ ಹತ್ತಿ ಎಂದು ಕರೆಯತೊಡಗಿದ. ಅವಳು ಇನ್ನೂ ಹಾಗೇ ನಿಂತಿದ್ದಳು, ಯಾರನ್ನೂ ಎತ್ತಬೇಕಾಗಿರದ ಈ ಬೆಳಿಗ್ಗೆಗೆ ಎಷ್ಟು ಹೇಳಲಿ ಎಂದು ಯೋಚಿಸುತ್ತ. ಕುರಿಗಳು ತಿರುವಿನ ಆಚೆಯಿಂದ ಬರುತ್ತಲೇ ಇದ್ದವು.